ಎಂದೂ ಹಾರದ ನೌಕೆಯ ನಿಜವಾದ ಬಣ್ಣ

ಕಣ್ಣಿಗೆ ಕಂಡದ್ದನ್ನು ಚಿಕ್ಕದಾಗಿ ಮಾಡಿ ಕೈಯಲ್ಲಿ ಹಿಡಿಯಬೇಕೆಂಬ ಆಸೆ ಮನುಷ್ಯನಿಗೆ ಬಹು ಹಿಂದಿನದು. ಮಣ್ಣಿನ ಎತ್ತು, ಮರದ ಬಂಡಿ, ಬೆಂಡಿನ ತೇರು ಇವೆಲ್ಲವೂ ಆ ಆಸೆಯ ಫಲಗಳೇ. ಮಣ್ಣಿನ ಎತ್ತಿನ ಕೊಂಬು ವಕ್ರವಾದರೆ ಹಟ್ಟಿಯಲ್ಲಿರುವ ಎತ್ತನ್ನು ನೋಡಿ ತಿದ್ದಿಕೊಳ್ಳಬಹುದು. ಆದರೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲದ, ಕಥೆಗಾರನ ಕಲ್ಪನೆಯಲ್ಲಿ ಮಾತ್ರ ಹುಟ್ಟಿದ ವಸ್ತುವೊಂದರ ಪ್ರತಿಕೃತಿಯನ್ನು ಮಾಡುವವನು ಯಾವುದನ್ನು ನೋಡಿ ತಿದ್ದಿಕೊಳ್ಳಬೇಕು? ಎಂದೂ ಆಕಾಶಕ್ಕೆ ಏರದ ನೌಕೆಯ ಬಣ್ಣ ಇಂಥದೇ ಎಂದು ಹೇಳಬಲ್ಲವರು ಯಾರು?

ಪ್ರಶ್ನೆ ಮೇಲುನೋಟಕ್ಕೆ ಬಾಲಿಶವಾಗಿ ತೋರಬಹುದು. ಆದರೆ ಅಮೆರಿಕ, ಜಪಾನ್ ಮತ್ತು ಯುರೋಪಿನ ದೇಶಗಳಲ್ಲಿ ಸಾವಿರಾರು ಜನರು ಸಂಜೆಯ ಬಿಡುವಿನಲ್ಲಿ ಮನೆಯ ಮೇಜಿನ ಮುಂದೆ ಕುಳಿತು ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಬಂದಿದ್ದಾರೆ. ವಿಜ್ಞಾನ ಕಥೆಗಳಲ್ಲಿ ಬರುವ ಅಂತರಿಕ್ಷ ನೌಕೆಗಳ ಚಿಕ್ಕ ಮಾದರಿಗಳನ್ನು ಬಿಡಿಭಾಗಗಳಿಂದ ಜೋಡಿಸಿ, ತಮ್ಮದೇ ರೀತಿಯಲ್ಲಿ ಬಣ್ಣ ಹಾಕುವುದು ಅವರ ಹವ್ಯಾಸ. ಇದನ್ನು ಮಕ್ಕಳಾಟವೆಂದು ನಕ್ಕು ಬಿಟ್ಟವರುಂಟು. ಆದರೆ ಒಂದು ದಿನ ಆ ದೇಶದ ಅತಿ ದೊಡ್ಡ ವಸ್ತುಸಂಗ್ರಹಾಲಯವೇ ಈ ಹವ್ಯಾಸಿಗಳ ಮನೆಬಾಗಿಲಿಗೆ ಬಂದು ಸಹಾಯ ಬೇಡುವ ಪ್ರಸಂಗ ಒದಗಿತು. ಆ ಕಥೆಯನ್ನು ತಿಳಿಯುವ ಮೊದಲು ಈ ವಿದ್ಯೆಯ ಹುಟ್ಟು ಮತ್ತು ಬೆಳವಣಿಗೆಯನ್ನು ಸ್ವಲ್ಪ ಪರಿಚಯಿಸಿಕೊಳ್ಳೋಣ.

ತೆರೆಯಿಂದ ಮನೆಗೆ, ಮನೆಯಿಂದ ತೆರೆಗೆ

1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಎಂಬ ಧಾರಾವಾಹಿ ಆರಂಭವಾಯಿತು. 'ಎಂಟರ್‌ಪ್ರೈಸ್' ಎಂಬ ನೌಕೆಯಲ್ಲಿ ನಕ್ಷತ್ರಲೋಕಗಳನ್ನು ಸುತ್ತುವವರ ಕಥೆ ಅದು. ಆ ನೌಕೆಯ ರೂಪವನ್ನು ಕಲ್ಪಿಸಿದವರು ಮ್ಯಾಟ್ ಜೆಫ್ರೀಸ್ ಎಂಬ ಕಲಾವಿದರು. ಮುಂದೆ ದೊಡ್ಡ ತಟ್ಟೆಯಂತಹ ಭಾಗ, ಅದರ ಕೆಳಗೆ ಉರುಳೆಯಾಕಾರದ ಒಡಲು, ಹಿಂದೆ ಎರಡು ಉದ್ದನೆಯ ಕೊಳವೆಗಳು: ಇಷ್ಟು ಸರಳವಾದ ಆಕೃತಿ. ಚಿತ್ರೀಕರಣಕ್ಕಾಗಿ 1964ರಲ್ಲಿ ಅದರ ಎರಡು ಮಾದರಿಗಳು ಸಿದ್ಧವಾದವು. ಒಂದು ಸುಮಾರು 33 ಅಂಗುಲ ಉದ್ದದ್ದು. ಇನ್ನೊಂದು 11 ಅಡಿಗಿಂತ ಸ್ವಲ್ಪ ಹೆಚ್ಚು ಉದ್ದದ್ದು. ದೊಡ್ಡ ಮಾದರಿಯನ್ನು ಮರ, ಶಾಖದಿಂದ ಮೆತ್ತಗಾಗಿಸಿ ಅಚ್ಚಿಗೆ ಎಳೆದ ಪ್ಲಾಸ್ಟಿಕ್ ಮತ್ತು ಸುತ್ತಿದ ಲೋಹದ ತಗಡಿನಿಂದ ನಿರ್ಮಿಸಲಾಗಿತ್ತು. ಕೊಳವೆಗಳ ತುದಿಯಲ್ಲಿ ಸುಳಿಸುಳಿಯಾಗಿ ಹೊಳೆಯುತ್ತಿದ್ದ ಕೆಂಪು ಬೆಳಕು ಯಾವ ಮಹಾಯಂತ್ರದಿಂದ ಬಂದುದೋ ಎಂದು ವೀಕ್ಷಕರು ಬೆರಗಾಗುತ್ತಿದ್ದರು. ಒಳಗಿದ್ದುದು ಹಬ್ಬದ ಅಲಂಕಾರಕ್ಕೆ ಬಳಸುವ ಬಣ್ಣದ ಸಣ್ಣ ಬಲ್ಬುಗಳು, ಒಡೆದ ಕನ್ನಡಿಯ ಚೂರುಗಳು ಮತ್ತು ತಿರುಗುವ ಒಂದು ಮೋಟಾರು.

ಅದೇ 1966ರಲ್ಲಿ ಕಾರುಗಳ ಪ್ಲಾಸ್ಟಿಕ್ ಮಾದರಿಗಳಿಗೆ ಹೆಸರಾಗಿದ್ದ ಎ.ಎಂ.ಟಿ. ಎಂಬ ಕಂಪನಿ ಎಂಟರ್‌ಪ್ರೈಸ್ ನೌಕೆಯ ಕಿಟ್ಟನ್ನು ಮಾರುಕಟ್ಟೆಗೆ ತಂದಿತು. ಕಿಟ್ ಎಂದರೆ ಒಂದು ರಟ್ಟಿನ ಪೆಟ್ಟಿಗೆ. ಅದರೊಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಆ ಚೌಕಟ್ಟುಗಳಿಗೆ ಕಾಯಿಗಳು ಕೊಂಬೆಗೆ ಅಂಟಿಕೊಂಡಂತೆ ಅಂಟಿಕೊಂಡಿರುವ ಬಿಡಿಭಾಗಗಳು, ಜೋಡಿಸುವ ಕ್ರಮವನ್ನು ತಿಳಿಸುವ ಚಿತ್ರಪತ್ರ, ಹಾಗೂ ಹೆಸರು-ಸಂಖ್ಯೆಗಳಿಗಾಗಿ ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಡಿಕಾಲ್ ಹಾಳೆ. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿ ಈ ಭಾಗಗಳನ್ನು ತಯಾರಿಸುತ್ತಾರೆ. ಅಚ್ಚು ಮಾಡಿಸುವುದು ಬಹಳ ದುಬಾರಿ, ಆದರೆ ಒಮ್ಮೆ ಮಾಡಿಸಿದ ಅಚ್ಚು ದಶಕಗಳ ಕಾಲ ಬಾಳುತ್ತದೆ. ಆದ್ದರಿಂದಲೇ ತಂದೆ ಬಾಲ್ಯದಲ್ಲಿ ಜೋಡಿಸಿದ ಕಿಟ್ಟನ್ನೇ ಮಗನೂ ಜೋಡಿಸುವ ಯೋಗ ಅಲ್ಲಿನ ಮನೆಗಳಲ್ಲಿ ಅಪರೂಪವೇನಲ್ಲ.

ಮಾರನೆಯ ವರ್ಷ ಒಂದು ವಿನೋದ ನಡೆಯಿತು. 1967ರ ಅಕ್ಟೋಬರಿನಲ್ಲಿ ಪ್ರಸಾರವಾದ 'ದಿ ಡೂಮ್ಸ್‌ಡೇ ಮೆಷೀನ್' ಎಂಬ ಕಂತಿಗೆ ಎಂಟರ್‌ಪ್ರೈಸಿನಂತೆಯೇ ಇರುವ, ಆದರೆ ಯುದ್ಧದಲ್ಲಿ ಜಜ್ಜಿಹೋದ ಇನ್ನೊಂದು ನೌಕೆ ಬೇಕಾಯಿತು. ಹೊಸದೊಂದು ದೊಡ್ಡ ಮಾದರಿಯನ್ನು ಮಾಡಿಸುವಷ್ಟು ಹಣವಿರಲಿಲ್ಲ. ನಿರ್ಮಾಪಕರು ಅಂಗಡಿಯಲ್ಲಿ ಮಕ್ಕಳಿಗೆ ಮಾರುವ ಅದೇ ಎ.ಎಂ.ಟಿ. ಕಿಟ್ಟನ್ನು ತರಿಸಿ, ಜೋಡಿಸಿ, ಮುರಿದು ಸುಟ್ಟಂತೆ ಕಾಣಿಸಿ, ಕ್ಯಾಮೆರಾದ ಮುಂದಿಟ್ಟರು. ಅದಕ್ಕೆ 'ಕಾನ್‌ಸ್ಟಲೇಷನ್' ಎಂದು ಹೆಸರಿಟ್ಟರು. ಸಂಖ್ಯೆ ಏನೆಂದು ಕೊಡಬೇಕು? ಕಿಟ್ಟಿನ ಡಿಕಾಲ್ ಹಾಳೆಯಲ್ಲಿದ್ದ 1701 ಎಂಬ ಅಂಕೆಗಳನ್ನೇ ಸ್ಥಳ ಬದಲಿಸಿ 1017 ಎಂದು ಅಂಟಿಸಿದರು. ಹೀಗೆ ತೆರೆಯಿಂದ ಮನೆಗೆ ಬಂದ ನೌಕೆ ಮನೆಯ ಕಿಟ್ಟಿನ ರೂಪದಲ್ಲಿ ಮತ್ತೆ ತೆರೆಗೇರಿತು. ಒಂದೇ ಕಿಟ್ಟಿನಿಂದ ಬೇರೊಂದು ನೌಕೆಯನ್ನು, ಬೇರೊಂದು ಚರಿತ್ರೆಯನ್ನು ಹುಟ್ಟಿಸಬಹುದೆಂಬ ಪಾಠವನ್ನು ಅಂದು ಅನೇಕ ಬಾಲಕರು ಕಲಿತರು.

ಹತ್ತು ವರ್ಷಗಳ ನಂತರ, 1977ರ ಮೇ ತಿಂಗಳಲ್ಲಿ, 'ಸ್ಟಾರ್ ವಾರ್ಸ್' ಚಲನಚಿತ್ರ ಬಂದಾಗ ಈ ಕೊಡು-ಕೊಳ್ಳುವಿಕೆ ಇನ್ನೂ ಬಲವಾಯಿತು. ನಿರ್ದೇಶಕ ಜಾರ್ಜ್ ಲ್ಯೂಕಾಸ್ ಇದಕ್ಕಾಗಿಯೇ 1975ರಲ್ಲಿ 'ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್' ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಅಲ್ಲಿನ ಮಾದರಿ ತಯಾರಿಕಾ ವಿಭಾಗದ ಮುಖ್ಯಸ್ಥರು ಗ್ರಾಂಟ್ ಮೆಕ್‌ಕ್ಯೂನ್. ಅವರೂ ಅವರ ಸಂಗಡಿಗರೂ ಯುದ್ಧ ಟ್ಯಾಂಕು, ವಿಮಾನ, ಹಡಗುಗಳ ಮಾದರಿ ಕಿಟ್ಟುಗಳನ್ನು ರಾಶಿರಾಶಿಯಾಗಿ ಕೊಂಡು ತಂದು, ಅವುಗಳ ಸಣ್ಣ ಸಣ್ಣ ಭಾಗಗಳನ್ನು ತಮ್ಮ ನೌಕೆಗಳ ಮೈಮೇಲೆ ಅಂಟಿಸಿದರು. ಟ್ಯಾಂಕಿನ ಎಂಜಿನ್ ಮುಚ್ಚಳ ಇಲ್ಲಿ ಅಂತರಿಕ್ಷ ನೌಕೆಯ ಗಾಳಿಗಿಂಡಿಯಾಯಿತು. ಹಡಗಿನ ತೋಪಿನ ಬುಡ ಇಲ್ಲಿ ಅರ್ಥವಾಗದ ಯಾವುದೋ ಯಂತ್ರವಾಯಿತು. ಒಂದು ವಸ್ತುವಿನ ಮೇಲೆ ಸೂಕ್ಷ್ಮ ವಿವರಗಳು ಹೆಚ್ಚಿದಷ್ಟೂ ನಮ್ಮ ಕಣ್ಣು ಅದನ್ನು ದೊಡ್ಡದೆಂದು ಭಾವಿಸುತ್ತದೆ. ಮೂರು ಅಡಿಯ ಮಾದರಿ ತೆರೆಯ ಮೇಲೆ ಬೆಟ್ಟದಂತೆ ಕಾಣುವುದರ ಗುಟ್ಟು ಇದೇ.

ಆ ಕಾಲದ ಕುಶಲಿಗಳು ತಮ್ಮ ದುಡಿಮೆಯಲ್ಲಿ ವಿನೋದವನ್ನೂ ಬೆರೆಸುತ್ತಿದ್ದರು. ಅದೇ 1977ರ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್' ಚಿತ್ರಕ್ಕಾಗಿ ಗ್ರೆಗ್ ಜೀನ್ ಅವರ ಮುಂದಾಳುತನದಲ್ಲಿ ಸಿದ್ಧವಾದ ಮಾತೃನೌಕೆಯ ಮೈಮೇಲೆ ಹತ್ತಿರದಿಂದ ಕಣ್ಣಿಟ್ಟು ಹುಡುಕಿದರೆ ಒಂದು ಅಂಚೆ ಡಬ್ಬಿ, ಒಂದು ಪುಟ್ಟ ಫೋಕ್ಸ್‌ವ್ಯಾಗನ್ ವ್ಯಾನು, ಒಂದು ಚಿಕ್ಕ ಸ್ಮಶಾನ ಕೂಡ ಕಾಣಸಿಗುತ್ತವೆ. ತೆರೆಯ ಮೇಲೆ ಯಾರಿಗೂ ಕಾಣದ ಈ ಕೀಟಲೆಗಳನ್ನು ಹೊತ್ತ ಆ ನೌಕೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹಕ್ಕೆ ಸೇರಿದೆ.

ಅಳತೆಯ ಲೆಕ್ಕ

ಮಾದರಿ ಕಟ್ಟುವವರ ಮೊದಲ ಪಾಠ ಅಳತೆ. ಪೆಟ್ಟಿಗೆಯ ಮೇಲೆ 1/1000 ಎಂದು ಬರೆದಿದ್ದರೆ ನೌಕೆಯ ಸಾವಿರ ಮಿಲಿಮೀಟರಿಗೆ ಮಾದರಿಯಲ್ಲಿ ಒಂದು ಮಿಲಿಮೀಟರು ಎಂದರ್ಥ. ಕಥೆಯ ಪ್ರಕಾರ ಎಂಟರ್‌ಪ್ರೈಸಿನ ಉದ್ದ 947 ಅಡಿ, ಅಂದರೆ ಸುಮಾರು 289 ಮೀಟರು. 1/1000 ಅಳತೆಯಲ್ಲಿ ಅದು 29 ಸೆಂಟಿಮೀಟರ್ ಆಗುತ್ತದೆ. 1/2500 ಅಳತೆಯಲ್ಲಿ ಹನ್ನೊಂದೂವರೆ ಸೆಂಟಿಮೀಟರಿಗೆ ಇಳಿದು ಅಂಗೈಯಲ್ಲಿ ಕೂರುತ್ತದೆ. ಸ್ಟಾರ್ ವಾರ್ಸಿನ 'ಎಕ್ಸ್-ವಿಂಗ್' ಎಂಬ ಒಬ್ಬನೇ ಕೂರುವ ನೌಕೆ ಹನ್ನೆರಡೂವರೆ ಮೀಟರಿನದು. ಅದನ್ನು ವಿಮಾನಗಳ ಮಾದರಿಗಳಿಗೆ ರೂಢಿಯಲ್ಲಿರುವ 1/72 ಅಳತೆಯಲ್ಲಿ ಮಾಡಿದರೆ ಸುಮಾರು 17 ಸೆಂಟಿಮೀಟರ್.

ಈ ಲೆಕ್ಕವನ್ನು ತಿರುಗಿಸಿ ನೋಡಿದಾಗ ಕೆಲಸದ ಕಷ್ಟ ತಿಳಿಯುತ್ತದೆ. 1/1000 ಅಳತೆಯ ಮಾದರಿಯಲ್ಲಿ ಎರಡು ಭಾಗಗಳು ಕೂಡುವಲ್ಲಿ ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲಿನಷ್ಟು ಸಂದು ಉಳಿಯಿತೆನ್ನಿ. ನಿಜವಾದ ನೌಕೆಯಲ್ಲಿ ಅದು 30 ಸೆಂಟಿಮೀಟರಿನ ಬಿರುಕು; ಒಳಗಿನ ಗಾಳಿಯೆಲ್ಲ ಕ್ಷಣದಲ್ಲಿ ಹೊರಹೋಗುವಷ್ಟು ದೊಡ್ಡದು! ಬಣ್ಣದ ಒಂದು ಲೇಪ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ದಪ್ಪವಾಗಿದ್ದರೆ ನಿಜದಲ್ಲಿ ಅದು ಐದು ಸೆಂಟಿಮೀಟರಿನ ಗಾರೆ. ಆ ಮಾದರಿಯಲ್ಲಿ ಎದ್ದು ನಿಂತ ಮನುಷ್ಯನ ಎತ್ತರ ಎರಡು ಮಿಲಿಮೀಟರಿಗಿಂತಲೂ ಕಡಿಮೆ. ಮಾದರಿ ಚಿಕ್ಕದಾದಷ್ಟೂ ಕೈಯ ತಪ್ಪು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಈ ವಿದ್ಯೆಯಷ್ಟು ಸ್ಪಷ್ಟವಾಗಿ ತಿಳಿಸುವ ಇನ್ನೊಂದು ಹವ್ಯಾಸ ವಿರಳ.

ಕಟ್ಟುವ ಕ್ರಮ

ಅವಸರ ಮಾಡುವವರಿಗೆ ಇದು ಹೇಳಿದ ಕೆಲಸವಲ್ಲ. ಮೊದಲು ಚೌಕಟ್ಟುಗಳನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಬಳಿಕ ಹರಿತವಾದ ಸಣ್ಣ ಕತ್ತರಿಯಿಂದ ಭಾಗವನ್ನು ಚೌಕಟ್ಟಿನಿಂದ ಬಿಡಿಸಬೇಕು. ಬಿಡಿಸುವಾಗ ತೊಟ್ಟನ್ನು ಸ್ವಲ್ಪ ಉಳಿಸಿಕೊಂಡು, ಉಳಿದುದನ್ನು ಅರದಿಂದಲೂ ನಯವಾದ ಉಪ್ಪುಕಾಗದದಿಂದಲೂ ತೇಯಬೇಕು. ನಾನೂರು ಸಂಖ್ಯೆಯ ಕಾಗದದಿಂದ ಆರಂಭಿಸಿ ಸಾವಿರದವರೆಗೆ ಹೋದರೆ ಮೈ ಕನ್ನಡಿಯಂತೆ ನಯವಾಗುತ್ತದೆ. ಅಂಟು ಹಾಕುವ ಮೊದಲು ಪ್ರತಿಯೊಂದು ಭಾಗವನ್ನೂ ಒಣದಾಗಿಯೇ ಕೂಡಿಸಿ ನೋಡುವುದು ಜಾಣತನ.

ಈ ಪ್ಲಾಸ್ಟಿಕ್ಕಿನ ಹೆಸರು ಪಾಲಿಸ್ಟೈರೀನ್. ಇದಕ್ಕೆ ಬಳಸುವ ಅಂಟು ಗೋಂದಿನಂತೆ ಹೊರಗಿನಿಂದ ಹಿಡಿದುಕೊಳ್ಳುವುದಿಲ್ಲ. ಅದು ಎರಡೂ ಅಂಚುಗಳನ್ನು ಸ್ವಲ್ಪ ಕರಗಿಸುತ್ತದೆ. ಕರಗಿದ ಅಂಚುಗಳು ಒಂದರೊಳಗೊಂದು ಬೆರೆತು, ದ್ರವ ಆರಿಹೋದ ಮೇಲೆ ಎರಡು ಭಾಗಗಳು ಒಂದೇ ಆಗುತ್ತವೆ. ಭಾಗಗಳನ್ನು ಒತ್ತಿ ಹಿಡಿದು ಸಂದಿನ ಒಂದು ತುದಿಗೆ ಕುಂಚವನ್ನು ಮುಟ್ಟಿಸಿದರೆ ಸಾಕು, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಸಂದು ತಾನೇ ಅಂಟನ್ನು ಎಳೆದುಕೊಳ್ಳುತ್ತದೆ. ಉಳಿದ ಸಂದುಗಳಿಗೆ ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ತೇಯಬೇಕು. ಅನಂತರ ಬೂದು ಬಣ್ಣದ ತೆಳುವಾದ ಮೊದಲ ಲೇಪವನ್ನು ಕೊಡುತ್ತಾರೆ. ಈ ಬೂದು ಲೇಪ ಬಹಳ ನಿಷ್ಠುರ; ಮುಚ್ಚಿಹೋಯಿತೆಂದು ತಿಳಿದ ಗೀರು-ಗುಣಿಗಳನ್ನೆಲ್ಲ ಎತ್ತಿ ತೋರಿಸುತ್ತದೆ. ತೋರಿಸಿದುದನ್ನು ಒಪ್ಪಿಕೊಂಡು ಮತ್ತೆ ತೇಯಲು ಕುಳಿತವನೇ ಮುಂದೆ ಒಳ್ಳೆಯ ಕುಶಲಿಯಾಗುತ್ತಾನೆ.

ಒಳಗೆ ದೀಪ ಬೆಳಗಿಸುವ ಆಸೆಯುಳ್ಳವರು ಎರಡು ಅರ್ಧಗಳನ್ನು ಕೂಡಿಸುವ ಮೊದಲೇ ಆ ಕೆಲಸ ಮುಗಿಸಬೇಕು. ಬೆಳಕು ಪ್ಲಾಸ್ಟಿಕ್ಕಿನ ಮೂಲಕ ಸೋರದಂತೆ ಒಳಮೈಗೆ ಕಪ್ಪು ಬಳಿದು, ಅದರ ಮೇಲೆ ಬಿಳಿ ಬಳಿದು, ಕಿಟಕಿಗಳಿಗೆ ಸೂಜಿಯಂತಹ ಬೈರಿಗೆಯಿಂದ ರಂಧ್ರ ಕೊರೆದು, ಕೂದಲಿನಂತಹ ಬೆಳಕಿನ ತಂತುಗಳನ್ನು ಒಳಗಿನ ಎಲ್.ಇ.ಡಿ. ದೀಪದಿಂದ ಹೊರಗೆಳೆಯುತ್ತಾರೆ. ಪ್ರೌಢಶಾಲೆಯಲ್ಲಿ ಓದಿದ ಓಮನ ನಿಯಮ ಇಲ್ಲಿ ಕೈಗೆ ಬರುತ್ತದೆ. 9 ವೋಲ್ಟಿನ ಬ್ಯಾಟರಿಯಿಂದ 3 ವೋಲ್ಟಿನ ದೀಪಕ್ಕೆ 20 ಮಿಲಿಆಂಪಿಯರ್ ಪ್ರವಾಹ ಹರಿಸಬೇಕಾದರೆ ಉಳಿದ 6 ವೋಲ್ಟನ್ನು ತಡೆಯಲು 300 ಓಮಿನ ರೋಧಕ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 330 ಓಮಿನದು ಸಾಕು. ಪರೀಕ್ಷೆಗಾಗಿ ಕಂಠಪಾಠ ಮಾಡಿದ ಸೂತ್ರದಿಂದ ತನ್ನ ನೌಕೆಯ ಕಿಟಕಿ ಬೆಳಗಿತೆಂದರೆ ಮಗುವಿಗೆ ಆ ಸೂತ್ರ ಜೀವಮಾನದಲ್ಲಿ ಮರೆಯದು.

ಬಣ್ಣದ ವಿದ್ಯೆ

ಜೋಡಣೆಯವರೆಗೆ ಎಲ್ಲರ ನೌಕೆಯೂ ಒಂದೇ. ಬಣ್ಣ ಹಚ್ಚುವಾಗ ಅದು ನಮ್ಮದಾಗುತ್ತದೆ. ಇಲ್ಲಿ ಎರಡು ಸಂಪ್ರದಾಯಗಳಿವೆ. ಎಂಟರ್‌ಪ್ರೈಸ್ ಶುಚಿಯಾದ ನೌಕೆ. ಅದರ ಸೊಗಸು ನಯದಲ್ಲಿದೆ. 1979ರ ಸ್ಟಾರ್ ಟ್ರೆಕ್ ಚಲನಚಿತ್ರಕ್ಕಾಗಿ ಮಾಡಿದ ಸುಮಾರು ಎಂಟು ಅಡಿಯ ಹೊಸ ಎಂಟರ್‌ಪ್ರೈಸಿಗೆ ಪಾಲ್ ಓಲ್ಸೆನ್ ಎಂಬ ಕಲಾವಿದರು ಮುತ್ತಿನ ಹೊಳಪಿನ ಬಣ್ಣಗಳನ್ನು ಬಳಸಿ, ನೋಡುವ ಕೋನ ಬದಲಾದಂತೆ ಮೈಮೇಲಿನ ಚೌಕಗಳು ಮಿನುಗುವಂತೆ ಮಾಡಿದರು. ಅದನ್ನು ಅಂಗೈ ಗಾತ್ರದ ಮಾದರಿಯಲ್ಲಿ ಮೂಡಿಸುವುದು ಇಂದಿಗೂ ಹವ್ಯಾಸಿಗಳ ತಾಳ್ಮೆಗೆ ಒಡ್ಡಿದ ಪರೀಕ್ಷೆ.

ಸ್ಟಾರ್ ವಾರ್ಸಿನ ನೌಕೆಗಳದು ಬೇರೆ ಮಾರ್ಗ. ಅವು ದುಡಿದು ದಣಿದ ಹಳೆಯ ಲಾರಿಗಳಂತೆ. ಮಸಿ, ಎಣ್ಣೆಯ ಕಲೆ, ಕಿತ್ತುಹೋದ ಬಣ್ಣ, ಬೇರೆ ನೌಕೆಯಿಂದ ತಂದು ತೇಪೆ ಹಾಕಿದ ತಗಡು, ಇವೇ ಅವುಗಳ ಅಲಂಕಾರ. ಇಂಥ ನೌಕೆಗೆ ಬಣ್ಣ ಹಚ್ಚುವವನು ಮೊದಲು ಅದರ ಜಾತಕವನ್ನು ಬರೆಯಬೇಕು. ಇದು ಎಷ್ಟು ವರ್ಷ ಹಾರಿದೆ? ಎಲ್ಲಿ ಪೆಟ್ಟು ತಿಂದಿದೆ? ಹೊಗೆ ಯಾವ ದಿಕ್ಕಿಗೆ ಹೋಗುತ್ತದೆ? ಏಣಿಯಿಟ್ಟು ಹತ್ತುವ ಜಾಗದಲ್ಲಿ ಬಣ್ಣ ಸವೆದಿರಬೇಕಲ್ಲವೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಎಲ್ಲೆಂದರಲ್ಲಿ ಮಸಿ ಬಳಿದರೆ ಅದು ಕೊಳಕು ಮಾತ್ರ. ಉತ್ತರವಿದ್ದು ಬಳಿದರೆ ಅದು ಚರಿತ್ರೆ.

ಕ್ರಮ ಹೀಗಿದೆ. ಮೂಲ ಬಣ್ಣವನ್ನು ತೆಳುವಾದ ಹಲವು ಲೇಪಗಳಲ್ಲಿ ಹಾಕಬೇಕು. ಡಬ್ಬಿಯ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸುವುದು ವಾಡಿಕೆ. ದೊಡ್ಡ ವಸ್ತುವನ್ನು ನಾವು ದೂರದಿಂದ ನೋಡುವಾಗ ನಡುವಿನ ಗಾಳಿಯಿಂದ ಬಣ್ಣ ಮಸುಕಾಗಿ ಕಾಣುವುದಷ್ಟೆ, ಚಿಕ್ಕ ಮಾದರಿಯಲ್ಲಿ ಆ ಮಸುಕನ್ನು ನಾವೇ ತರಬೇಕಾಗುತ್ತದೆ. ಅಂತರಿಕ್ಷದಲ್ಲಿ ಗಾಳಿಯಿಲ್ಲವಲ್ಲ ಎಂದು ತರ್ಕಿಸುವವರೂ ಇದ್ದಾರೆ! ಆದರೂ ಕಣ್ಣಿನ ರೂಢಿಯನ್ನು ಗೌರವಿಸುವವರೇ ಹೆಚ್ಚು. ಕೆಲವು ಚೌಕಗಳಿಗೆ ಮೂಲ ಬಣ್ಣಕ್ಕಿಂತ ಎಳ್ಳಷ್ಟು ಬೇರೆಯಾದ ಬೂದು ಬಳಿದರೆ ತಗಡುಗಳು ಬೇರೆ ಬೇರೆ ಕಾಲದವೆಂಬ ಭಾವನೆ ಬರುತ್ತದೆ. ಬಳಿಕ ಹೊಳಪಿನ ಪಾರದರ್ಶಕ ಲೇಪ. ಮೈ ಒರಟಾಗಿದ್ದರೆ ಡಿಕಾಲಿನ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಕಾಣುವುದರಿಂದ ಡಿಕಾಲಿಗೆ ಮೊದಲು ಈ ಲೇಪ ಬೇಕೇ ಬೇಕು. ಆಮೇಲೆ ನೀರಿನಂತೆ ತೆಳುಮಾಡಿದ ಕಂದು ಅಥವಾ ಕಪ್ಪು ಬಣ್ಣವನ್ನು ಗೆರೆಗಳಲ್ಲಿ ಹರಿಯಬಿಟ್ಟು, ಮೇಲಿನದನ್ನು ಒರೆಸಿ ತೆಗೆದರೆ ತಗಡುಗಳ ಅಂಚು ಮೂಡುತ್ತದೆ. ಸ್ಪಂಜಿನ ಚೂರನ್ನು ಬಣ್ಣಕ್ಕೆ ತಾಗಿಸಿ ಅಂಚುಗಳಿಗೆ ಮುಟ್ಟಿಸಿದರೆ ಸವೆತ. ಸೀಮೆಸುಣ್ಣದ ಪುಡಿಯನ್ನು ಒಣ ಕುಂಚದಿಂದ ಉಜ್ಜಿದರೆ ಹೊಗೆ. ಕೊನೆಗೆ ಎಲ್ಲವನ್ನೂ ಒಂದುಗೂಡಿಸುವ ಹೊಳಪಿಲ್ಲದ ಲೇಪ. ಕೆಳಗಿನ ಲೇಪವನ್ನು ಮೇಲಿನ ಲೇಪದ ದ್ರಾವಕ ಕರಗಿಸದಂತೆ ಬಣ್ಣಗಳ ಸರದಿಯನ್ನು ಆರಿಸಿಕೊಳ್ಳುವುದು ಇಲ್ಲಿನ ಮುಖ್ಯ ಜಾಣ್ಮೆ. ಇದನ್ನು ಅರಿಯದವರ ತಿಂಗಳ ದುಡಿಮೆ ಒಂದು ನಿಮಿಷದಲ್ಲಿ ಸುಕ್ಕುಗಟ್ಟಿಹೋಗುವುದುಂಟು.

ತಂದೆ-ತಾಯಂದಿರ ಗಮನಕ್ಕೆ

ಈ ಹವ್ಯಾಸದ ಸೊಗಸನ್ನು ಹೇಳುವಾಗ ಅಪಾಯವನ್ನು ಮರೆಮಾಚುವುದು ಸರಿಯಲ್ಲ. ಪ್ಲಾಸ್ಟಿಕ್ ಅಂಟಿನ ಹಾಗೂ ಲ್ಯಾಕರ್ ಬಣ್ಣಗಳ ಆವಿ ಶ್ವಾಸಕೋಶಕ್ಕೂ ನರಗಳಿಗೂ ಕೆಡುಕು. ಅವುಗಳಿಗೆ ಬೇಗನೆ ಬೆಂಕಿ ಹತ್ತುತ್ತದೆ. ಆದ್ದರಿಂದ ಅಡುಗೆಮನೆಯ ಒಲೆಯ ಹತ್ತಿರ, ದೀಪ ಉರಿಯುವಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಕೂಡದು. ಬಣ್ಣ ಸಿಂಪಡಿಸುವಾಗ ದ್ರಾವಕದ ಆವಿಯನ್ನು ತಡೆಯುವ ಮುಖಗವಸು ಬೇಕು. ಧೂಳಿಗಾಗಿ ಕಟ್ಟುವ ಬಟ್ಟೆ ಸಾಲದು. ಚಾಕುವನ್ನು ಯಾವಾಗಲೂ ಬೆರಳಿನಿಂದ ದೂರಕ್ಕೆ ಎಳೆಯಬೇಕು. ತೇಯುವಾಗ ಕಾಗದವನ್ನು ನೀರಿನಲ್ಲಿ ಅದ್ದಿಕೊಂಡರೆ ಧೂಳು ಏಳದು. ಪುಟ್ಟ ಕೂಸುಗಳಿರುವ ಮನೆಯಲ್ಲಿ ಬಿಡಿಭಾಗಗಳು ಅವುಗಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಮಕ್ಕಳು ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಮತ್ತು ಸಾಮಾನ್ಯ ಕುಂಚದಿಂದಲೇ ಆರಂಭಿಸಬಹುದು. ಜಪಾನಿನ ಬಂಡಾಯ್ ಕಂಪನಿಯ ಕಿಟ್ಟುಗಳಂತೆ ಅಂಟಿಲ್ಲದೆ ಒತ್ತಿದರೆ ಕೂಡಿಕೊಳ್ಳುವ, ಭಾಗಗಳೇ ಬಣ್ಣಬಣ್ಣವಾಗಿರುವ ಕಿಟ್ಟುಗಳೂ ಇವೆ. ಕಿಟ್ಟು ದುಬಾರಿಯಾಯಿತೆಂದು ನಿರಾಶರಾಗಬೇಕಾಗಿಲ್ಲ. ಖಾಲಿ ಪೆನ್ನಿನ ಮುಚ್ಚಳ, ಔಷಧಿಯ ಡಬ್ಬಿ, ಮುರಿದ ಆಟಿಕೆ, ಕೆಟ್ಟ ರೇಡಿಯೋದ ಚೂರುಗಳನ್ನು ಅಂಟಿಸಿ ಒಂದೇ ಬೂದು ಬಣ್ಣ ಬಳಿದರೆ ಸೊಗಸಾದ ನೌಕೆಯೊಂದು ಹುಟ್ಟುತ್ತದೆ. ಕೋಟಿಗಟ್ಟಲೆ ಹಣದ ಚಿತ್ರಗಳ ಕುಶಲಿಗಳು ಮಾಡಿದ್ದೂ ಅದನ್ನೇ ಅಲ್ಲವೆ? ದೊಡ್ಡವರಿಗೂ ಒಂದು ಮಾತು. ಕಟ್ಟುವುದಕ್ಕಿಂತ ಕೊಳ್ಳುವುದೇ ಹವ್ಯಾಸವಾಗಿ, ತೆರೆಯದ ಪೆಟ್ಟಿಗೆಗಳು ಅಟ್ಟ ತುಂಬುವುದು ಈ ವಲಯದಲ್ಲಿ ಎಲ್ಲರೂ ಬಲ್ಲ ರೋಗ. ಒಂದನ್ನು ಮುಗಿಸಿ ಇನ್ನೊಂದನ್ನು ತರುವ ಕಟ್ಟುಪಾಡು ಮನೆಯ ನೆಮ್ಮದಿಗೆ ಒಳ್ಳೆಯದು.

ವಸ್ತುಸಂಗ್ರಹಾಲಯ ಕೇಳಿದ ಸಹಾಯ

ಇನ್ನು ಆರಂಭದ ಪ್ರಶ್ನೆಗೆ ಬರೋಣ. 1969ರಲ್ಲಿ ಧಾರಾವಾಹಿ ನಿಂತಿತು. 11 ಅಡಿಯ ಎಂಟರ್‌ಪ್ರೈಸನ್ನು 1974ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಗೆ ದಾನವಾಗಿ ಕೊಡಲಾಯಿತು. ಅಲ್ಲಿ ಅದನ್ನು ಹಲವು ಬಾರಿ ದುರಸ್ತಿ ಮಾಡಿದರು. 1990ರ ದಶಕದ ಆರಂಭದ ದುರಸ್ತಿಯಲ್ಲಿ ಮೈಮೇಲೆ ಗಾಢವಾದ ಗೆರೆಗಳೂ ನೆರಳುಗಳೂ ಬಂದವು. ನೌಕೆ ಹೀಗಿರಲಿಲ್ಲವೆಂದು ಅನೇಕ ಅಭಿಮಾನಿಗಳು ಆಕ್ಷೇಪಿಸಿದರು. ಆದರೆ ನಿಜವಾಗಿ ಹೇಗಿತ್ತು? ದೂರದರ್ಶನದಲ್ಲಿ ಕಂಡ ಬಣ್ಣವನ್ನು ನಂಬುವಂತಿರಲಿಲ್ಲ. ಸ್ಟುಡಿಯೋ ದೀಪಗಳೂ ಫಿಲ್ಮಿನ ಸಂಸ್ಕರಣೆಯೂ ಅದನ್ನು ಬದಲಿಸಿದ್ದವು. ಕೆಲವರಿಗೆ ಅದು ಬಿಳಿ, ಕೆಲವರಿಗೆ ನೀಲಿ ಮಿಶ್ರಿತ ಬೂದು, ಇನ್ನು ಕೆಲವರಿಗೆ ಹಸಿರು ಛಾಯೆಯ ಬೂದು. ಅನೇಕ ವರ್ಷಗಳ ಕಾಲ ಆ ನೌಕೆ ಸಂಗ್ರಹಾಲಯದ ಮಾರಾಟ ಮಳಿಗೆಯ ಕೆಳ ಅಂತಸ್ತಿನಲ್ಲಿ ನಿಂತಿತ್ತು.

2014ರಲ್ಲಿ ಅದನ್ನು ಕೆಳಗಿಳಿಸಿ ಶಾಸ್ತ್ರೀಯವಾದ ಸಂರಕ್ಷಣೆಯನ್ನು ಕೈಗೊಂಡರು. 1967ರ ಆಗಸ್ಟ್ ತಿಂಗಳಲ್ಲಿ, ಚಿತ್ರೀಕರಣಕ್ಕಾಗಿ ಅದು ಕೊನೆಯ ಬಾರಿ ಮಾರ್ಪಾಟಾದಾಗ ಇದ್ದ ಸ್ಥಿತಿಗೆ ಅದನ್ನು ಮರಳಿಸಬೇಕೆಂದು ನಿರ್ಧಾರವಾಯಿತು. ಕ್ಷ-ಕಿರಣದಿಂದ ಒಳರಚನೆಯನ್ನು ಪರೀಕ್ಷಿಸಿದರು. ಬಣ್ಣದ ಪದರಗಳನ್ನು ಒಂದೊಂದಾಗಿ ತೇಯ್ದು, ನೆಲ ಅಗೆಯುವ ಪುರಾತತ್ತ್ವಜ್ಞರಂತೆ ಕೆಳಗಿನ ಕಾಲವನ್ನು ಹುಡುಕಿದರು. ಅದೃಷ್ಟಕ್ಕೆ ತಟ್ಟೆಯ ಮೇಲ್ಭಾಗದಲ್ಲಿ 1960ರ ದಶಕದ ಮೂಲ ಬಣ್ಣ ಹಾಗೆಯೇ ಉಳಿದಿತ್ತು. ಉಳಿದ ಭಾಗಗಳಿಗೆ ಸಾಕ್ಷ್ಯ ಬೇಕಾಗಿತ್ತು. 2015ರಲ್ಲಿ ಸಂಸ್ಥೆ ಸಾರ್ವಜನಿಕರಿಗೆ ಬಹಿರಂಗವಾಗಿ ಮನವಿ ಮಾಡಿತು: 1976ಕ್ಕೆ ಮೊದಲು ಈ ಮಾದರಿಯನ್ನು ಯಾರಾದರೂ ಕಣ್ಣಾರೆ ಕಂಡು ಫೋಟೋ ತೆಗೆದಿದ್ದರೆ, ಚಲಚ್ಚಿತ್ರ ತೆಗೆದಿದ್ದರೆ ದಯವಿಟ್ಟು ತೋರಿಸಿ. ಜನರ ಆಲ್ಬಮ್ಮುಗಳಿಂದ ಚಿತ್ರಗಳು ಬಂದವು. ಸಲಹಾ ಸಮಿತಿಯಲ್ಲಿ ಚಿತ್ರೋದ್ಯಮದ ಮಾದರಿಕಾರರ ಜೊತೆಗೆ ಕಿಟ್ಟುಗಳಿಗಾಗಿ ಈ ನೌಕೆಯ ಅಳತೆಗಳನ್ನು ಹಲವು ವರ್ಷ ಅಭ್ಯಾಸ ಮಾಡಿದವರೂ ಕುಳಿತರು. 2016ರ ಜುಲೈ ತಿಂಗಳಲ್ಲಿ, ನಯವಾದ ಬೂದು ಬಣ್ಣದಲ್ಲಿ, ಸಂಗ್ರಹಾಲಯದ ಮುಖ್ಯ ಸಭಾಂಗಣದಲ್ಲಿ, ನಿಜವಾಗಿ ಆಕಾಶಕ್ಕೆ ಹೋಗಿ ಬಂದ ವಾಹನಗಳ ನಡುವೆ, ಎಂದೂ ಹಾರದ ಈ ನೌಕೆಯೂ ಗೌರವದ ಸ್ಥಾನ ಪಡೆಯಿತು.

ಎಲ್ಲ ಮಾದರಿಗಳಿಗೂ ಈ ಭಾಗ್ಯ ಸಿಗಲಿಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ' ಚಿತ್ರದ ಮಾದರಿಗಳಲ್ಲಿ ಬಹುತೇಕ ಎಲ್ಲವೂ ನಾಶವಾದವು. ಉಳಿದಿದ್ದ 'ಆರೀಸ್' ಎಂಬ ಚಂದ್ರಯಾನದ ನೌಕೆಯ ಮಾದರಿಯನ್ನು 2015ರಲ್ಲಿ ಆಸ್ಕರ್ ಪ್ರಶಸ್ತಿ ಕೊಡುವ ಅಕಾಡೆಮಿ 3,44,000 ಡಾಲರಿಗೆ ಹರಾಜಿನಲ್ಲಿ ಕೊಂಡಿತು. 33 ಅಂಗುಲದ ಚಿಕ್ಕ ಎಂಟರ್‌ಪ್ರೈಸ್ 1970ರ ದಶಕದ ಕೊನೆಯಲ್ಲಿ ಕಾಣೆಯಾಗಿ, 2023ರಲ್ಲಿ ಮಾರಾಟದ ಜಾಹೀರಾತೊಂದರಲ್ಲಿ ಅಚಾನಕ್ಕಾಗಿ ಪತ್ತೆಯಾಗಿ, 2024ರಲ್ಲಿ ಧಾರಾವಾಹಿಯ ಕರ್ತೃ ಜೀನ್ ರಾಡನ್‌ಬೆರಿಯವರ ಮಗನ ಕೈಸೇರಿತು. ಮಾತೃನೌಕೆಯನ್ನು ಕಟ್ಟಿದ ಗ್ರೆಗ್ ಜೀನ್ 2022ರಲ್ಲಿ ತೀರಿಕೊಂಡ ಮೇಲೆ ಅವರ ಸಂಗ್ರಹದಲ್ಲಿ ಸ್ಟಾರ್ ವಾರ್ಸಿನ ಒಂದು ಎಕ್ಸ್-ವಿಂಗ್ ಸಿಕ್ಕಿ, 2023ರ ಹರಾಜಿನಲ್ಲಿ 31 ಲಕ್ಷ ಡಾಲರಿಗೂ ಹೆಚ್ಚು ಬೆಲೆ ಪಡೆಯಿತು. ಟ್ಯಾಂಕಿನ ಕಿಟ್ಟುಗಳ ಚೂರು ಅಂಟಿಸುತ್ತ ಕೂತಿದ್ದ ಅಂದಿನ ಯುವಕರು ಈ ಬೆಲೆಯನ್ನು ಕನಸಿನಲ್ಲಿಯೂ ಎಣಿಸಿರಲಾರರು.

1990ರ ದಶಕದಿಂದ ಈಚೆಗೆ ತೆರೆಯ ಮೇಲಿನ ನೌಕೆಗಳನ್ನು ಹೆಚ್ಚಾಗಿ ಗಣಕಯಂತ್ರವೇ ಚಿತ್ರಿಸತೊಡಗಿತು. ಮಾದರಿಶಾಲೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಕಟ್ಟುವ ಕೈಗಳಿಗೆ ಕೆಲಸವಿಲ್ಲದೆ ಹೋದರೆ ವಿದ್ಯೆಯೂ ಅವರೊಂದಿಗೇ ಹೋಗಬೇಕಾಗಿತ್ತು. ಆದರೆ ಅದು ಮನೆಗಳ ಮೇಜುಗಳ ಮೇಲೆ ಉಳಿದುಕೊಂಡಿತು. 2019ರಲ್ಲಿ ಆರಂಭವಾದ 'ದಿ ಮ್ಯಾಂಡಲೋರಿಯನ್' ಧಾರಾವಾಹಿಗೆ 'ರೇಜರ್ ಕ್ರೆಸ್ಟ್' ಎಂಬ ನೌಕೆಯನ್ನು ಮತ್ತೆ ಕೈಯಿಂದ ಕಟ್ಟಿ ಚಿತ್ರೀಕರಿಸಿದರು. ಅದನ್ನು ಕಟ್ಟಿದ ಜಾನ್ ಗುಡ್‌ಸನ್ ಎಂಟರ್‌ಪ್ರೈಸಿನ ಸಂರಕ್ಷಣೆಯಲ್ಲಿಯೂ ಕೈಜೋಡಿಸಿದ್ದವರು.

ಓದುಗ ಬಂಧುಗಳು ಕೊನೆಯದಾಗಿ ಒಂದು ಸಂಗತಿಯನ್ನು ಗಮನಿಸಬೇಕು. 11 ಅಡಿಯ ಆ ಎಂಟರ್‌ಪ್ರೈಸಿನ ಎಡಬದಿ ಅಪೂರ್ಣವಾಗಿದೆ. ದೀಪಗಳ ತಂತಿಗಳು ಆ ಬದಿಯಿಂದ ಒಳಹೋಗುತ್ತಿದ್ದವು. ಕ್ಯಾಮೆರಾ ಬಲಬದಿಯನ್ನು ಮಾತ್ರ ನೋಡುತ್ತಿತ್ತು. ಆದ್ದರಿಂದ ಎಡಕ್ಕೆ ಕಿಟಕಿಯನ್ನೂ ಅಲಂಕಾರವನ್ನೂ ಮಾಡಲಿಲ್ಲ. ಸಂಗ್ರಹಾಲಯದವರು ಅದನ್ನು ತುಂಬಲು ಹೋಗದೆ ಇದ್ದಂತೆಯೇ ಉಳಿಸಿದ್ದಾರೆ, ಏಕೆಂದರೆ ಇದ್ದುದನ್ನು ಇದ್ದಂತೆ ಕಾಪಾಡುವುದು ಅವರ ಧರ್ಮ. ಆದರೆ ಮನೆಯಲ್ಲಿ ಅದೇ ನೌಕೆಯನ್ನು ಕಟ್ಟುವ ಹುಡುಗನೋ ಹುಡುಗಿಯೋ ಬಲಬದಿಗೆ ಮಾಡಿದಷ್ಟೇ ಶ್ರದ್ಧೆಯಿಂದ ಎಡಬದಿಗೂ ಕಿಟಕಿ ಕೊರೆದು, ಅಂಕೆ ಅಂಟಿಸಿ, ಬಣ್ಣ ಹಚ್ಚುತ್ತಾರೆ. ಕಪಾಟಿನಲ್ಲಿ ಗೋಡೆಯ ಕಡೆಗೆ ತಿರುಗುವ ಆ ಬದಿಯನ್ನು ಯಾರೂ ನೋಡದಿರಬಹುದು. ಆದರೂ ಅವರು ಅದನ್ನು ಬಿಡುವುದಿಲ್ಲ. ಎಂದೂ ಹಾರದ ನೌಕೆಯ ನಿಜವಾದ ಬಣ್ಣವನ್ನು ಬಲ್ಲವರು ಯಾರೆಂದು ಮೊದಲಲ್ಲಿ ಕೇಳಿದೆವಲ್ಲ, ಅರ್ಧ ಶತಮಾನ ಅದನ್ನು ನೆನಪಿಟ್ಟು ಸಂಗ್ರಹಾಲಯಕ್ಕೆ ಹೇಳಿಕೊಟ್ಟವರು ಇಂಥ ಮನೆಯವರೇ. ಮುಂದಿನ ರಜೆಯಲ್ಲಿ ಮನೆಯ ಮಕ್ಕಳು ಮುರಿದ ಆಟಿಕೆಗಳನ್ನು ರಾಶಿ ಹಾಕಿಕೊಂಡು ಏನನ್ನೋ ಅಂಟಿಸುತ್ತ ಕುಳಿತರೆ, ಹಿರಿಯರು ಗದರಿಸದೆ ಕಿಟಕಿಯೊಂದನ್ನು ತೆರೆದಿಟ್ಟು ಪಕ್ಕದಲ್ಲಿ ಕುಳಿತುಕೊಂಡರೆ ಒಳ್ಳೆಯದು.